ಮುದೀರ್ ಹೇಳಿದ್ದಲ್ಲ, ನಾನು ಹೇಳಿದ್ದು

ನಾಲ್ಕು ಜನರನ್ನು ಸಮುದ್ರಕ್ಕೆ ವಾಪಸ್ ಕಳಿಸಿದವನು ನಾನು. ಕೈಯಿಂದ ತಳ್ಳಲಿಲ್ಲ. ಅವರ ಮುಖವನ್ನೂ ನೋಡಿದವನಲ್ಲ. ಕುವೈತಿನ ಫಾಹಹೀಲ್ ದಕ್ಕೆಯ ಪಕ್ಕದ ಆಫೀಸಿನಲ್ಲಿ, ಹೀಟರಿನ ಮುಂದೆ ಕಾಲು ಚಾಚಿ ಕುಳಿತು, ರೇಡಿಯೋ ಮೈಕಿನ ಗುಂಡಿ ಒತ್ತಿ ಒಂದು ಮಾತು ಹೇಳಿದೆ — ಅಷ್ಟೇ. ಆ ಮಾತು ಮುದೀರ್ ಅವರದ್ದು ಎಂದೂ ಹೇಳಿದೆ. ಕಂಪನಿಯ ಯಜಮಾನರನ್ನು ನಾವೆಲ್ಲ ಮುದೀರ್ ಎಂದೇ ಕರೆಯುತ್ತಿದ್ದೆವು. ಅವರು ಆ ಮಾತು ಹೇಳಿರಲಿಲ್ಲ. ಅವರನ್ನು ಯಾರೂ ಕೇಳಿಯೇ ಇರಲಿಲ್ಲ.

ಇಷ್ಟು ಬರೆಯಲು ಹದಿನೇಳು ವರ್ಷ ಬೇಕಾಯಿತು. ನಾಚಿಕೆಯಿಂದ ತಡವಾಯಿತು ಎಂದು ಹೇಳಿದರೆ ಕೇಳಲು ಚೆನ್ನಾಗಿರುತ್ತದೆ. ಆದರೆ ಅದು ಸುಳ್ಳು. ತಡವಾದದ್ದು ಯಾರೂ ಕೇಳದೆ ಇದ್ದದ್ದರಿಂದ, ಕೇಳದೆ ಇದ್ದದ್ದು ನನಗೆ ಹಿತವಾಗಿದ್ದರಿಂದ.

ಈಗ ಯಾಕೆ ಬರೆಯುತ್ತಿದ್ದೇನೆ ಎಂದರೆ, ಕಳೆದ ತಿಂಗಳ ಒಂದು ಶುಕ್ರವಾರ. ಅಬ್ಬಾಸಿಯಾದ ನಮ್ಮ ಮನೆಯಲ್ಲಿ ಮಧ್ಯಾಹ್ನದ ಊಟಕ್ಕೆ ಜಾಬ್ರಿಯಾದಿಂದ ವಿಲ್ಫ್ರೆಡ್ ಮತ್ತು ಅವನ ಹೆಂಡತಿ ಲವೀನಾ ಬಂದಿದ್ದರು. ವಿಲ್ಫ್ರೆಡ್ ನನ್ನ ಶಾಲೆಯ ಗೆಳೆಯ. ಲವೀನಾ ಅಲ್ಲಿನ ಒಂದು ಆಸ್ಪತ್ರೆಯಲ್ಲಿ ನರ್ಸ್. ಟಿವಿಯಲ್ಲಿ ಯುರೋಪಿನ ಕಡೆಯ ಸಮುದ್ರದ ಸುದ್ದಿ ಬರುತ್ತಿತ್ತು — ಮುಳುಗುವ ರಬ್ಬರ್ ದೋಣಿಯಿಂದ ಜನರನ್ನು ಎತ್ತಿಕೊಂಡ ಒಂದು ಹಡಗು, ಯಾವ ಬಂದರೂ ಒಳಗೆ ಬಿಡದೆ ಹೊರಗೇ ನಿಂತಿತ್ತು. ಹಡಗಿನಲ್ಲಿದ್ದವರು ಯಾವ ಸರಕಾರದವರೂ ಅಲ್ಲ. ತಮ್ಮಷ್ಟಕ್ಕೆ ಹೊರಟು ಬಂದ ಮಾಮೂಲಿ ಜನ. ಲವೀನಾ "ಪಾಪ ಮಾರಾಯ್ರೆ" ಎಂದು ಎರಡನೇ ಸಲ ಬಿರಿಯಾನಿ ಹಾಕಿಸಿಕೊಂಡಳು. ವಿಲ್ಫ್ರೆಡ್, "ಪಾಪ ಹೌದು, ಆದ್ರೆ ಇವ್ರು ಹೀಗೆ ಎತ್ತಿಕೊಳ್ತಾ ಹೋದ್ರೆ ಇನ್ನಷ್ಟು ಜನ ಬರ್ತಾರಲ್ಲ ಭಾಯಿ" ಎಂದ. ನನ್ನ ಮಗಳು ಸಫ್ವಾನಾ ಫೋನಿನಿಂದ ತಲೆ ಎತ್ತದೆ, "ದೇ ಶುಡ್ ಕಮ್ ಲೀಗಲಿ, ಉಪ್ಪಾ. ದಟ್ಸ್ ಆಲ್" ಎಂದಳು.

ನಾನು ತಟ್ಟೆ ದೂಡಿ ಎದ್ದು ಕಿರುಚಿದೆ. ಏನು ಕಿರುಚಿದೆನೆಂದು ಸರಿಯಾಗಿ ನೆನಪಿಲ್ಲ. ಮಗಳಿಗೆ ಕಣ್ಣೀರು ಬಂತು. "ವೈ ಆರ್ ಯೂ ಶೌಟಿಂಗ್ ಅಟ್ ಮೀ?" ಎಂದಳು. ನ್ಯಾಯವಾದ ಪ್ರಶ್ನೆ. ಹತ್ತೊಂಬತ್ತು ವರ್ಷದ ಆ ಹುಡುಗಿ ಹೇಳಿದ್ದರಲ್ಲಿ ನಾನು ಕಲಿಸದೆ ಇದ್ದದ್ದು ಏನಿತ್ತು? ಅವಳ ಬಾಯಲ್ಲಿ ಬಂದದ್ದು ನನ್ನದೇ ಮಾತು.

ಹದಿನೇಳು ವರ್ಷದ ಹಿಂದೆ ನನಗೆ ಮೂವತ್ತೈದು. ಉಳ್ಳಾಲದ ಕಡೆಯ ಬ್ಯಾರಿ, ಬಿ.ಕಾಂ. ಓದಿದವನು, ಅರಬ್ಬಿ ಓದಲು ಬರೆಯಲು ಬರುತ್ತಿತ್ತು. ಮೀನು ಹಿಡಿಯುವ ಒಂದು ಸಣ್ಣ ಕಂಪನಿಯಲ್ಲಿ ಕಾಗದಪತ್ರ ಮತ್ತು ರೇಡಿಯೋ ನೋಡಿಕೊಳ್ಳುವ ಕೆಲಸ. ಕಂಪನಿಗೆ ಒಂಬತ್ತು ಲಾಂಚುಗಳು. ಲಾಂಚು ನಡೆಸುವ ತಾಂಡೇಲನನ್ನು ಇಲ್ಲಿ ನಾಖುದಾ ಎನ್ನುತ್ತಾರೆ. ನಮ್ಮ ನಾಖುದಾಗಳಲ್ಲಿ ಹಿರಿಯರು ಸಂಜೀವಣ್ಣ — ಗಂಗೊಳ್ಳಿಯ ಮೊಗವೀರರು, ನನಗಿಂತ ಹದಿನೈದು ವರ್ಷ ದೊಡ್ಡವರು. ನೀರಿನ ಬಣ್ಣ ನೋಡಿ ಗಾಳಿ ಹೇಳುವವರು. ನನ್ನನ್ನು "ಸಾಯ್ಬ್ರೆ" ಎಂದು ಬಹುವಚನದಲ್ಲಿ ಕರೆಯುತ್ತಿದ್ದರು. ನಾನು ಓದಿದವನು ಎಂಬ ಗೌರವ. ಆ ಗೌರವವನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ನನ್ನ ಕೆಲಸದ ತಿರುಳು ತಲೆ ಎಣಿಸುವುದು. ಲಾಂಚು ಹೊರಡುವ ಮುನ್ನ ಅದರಲ್ಲಿರುವವರ ಹೆಸರು, ಫೋಟೋ, ಇಕಾಮಾದ — ಈ ದೇಶದಲ್ಲಿರಲು ಕೊಡುವ ಪರವಾನಗಿಯ — ನಂಬರು ಇರುವ ಒಂದು ಪಟ್ಟಿ ತಯಾರಿಸಿ, ಕರಾವಳಿ ಕಾವಲು ಠಾಣೆಯಲ್ಲಿ ಮುದ್ರೆ ಹಾಕಿಸಬೇಕು. ವಾಪಸ್ ಬಂದಾಗ ಕಾವಲಿನವರು ಅದೇ ಪಟ್ಟಿ ಹಿಡಿದು ತಲೆ ಎಣಿಸುತ್ತಾರೆ. ಐದು ಹೋದರೆ ಐದು ಬರಬೇಕು. ನಾಲ್ಕು ಬಂದರೆ ಒಬ್ಬ ಓಡಿಹೋದ ಎಂದು ಕೇಸು. ಆರು ಬಂದರೆ ಒಬ್ಬನನ್ನು ಕಳ್ಳತನದಿಂದ ತಂದರು ಎಂದು ಕೇಸು. ನನ್ನ ಪಟ್ಟಿ ಒಮ್ಮೆಯೂ ತಪ್ಪಿರಲಿಲ್ಲ. ಠಾಣೆಯವರು ನನ್ನ ಕಂಪನಿಯ ಲಾಂಚು ಎಂದರೆ ಎಣಿಸುವುದನ್ನೇ ಅರ್ಧ ಮಾಡಿ ಬಿಡುತ್ತಿದ್ದರು. ಅದು ನನಗೆ ಹೆಮ್ಮೆ. ಜನರನ್ನು ಎಣಿಸುವುದರಲ್ಲಿ ಹೆಮ್ಮೆ ಪಡುವ ಮನುಷ್ಯ ಎಂಥವನು ಎಂದು ಆಗ ಯೋಚಿಸಿದವನಲ್ಲ.

ಯುದ್ಧ ಮುಗಿದು ಏಳೆಂಟು ವರ್ಷವಾಗಿತ್ತು. ಬಡಗಣ ಗಡಿಯಾಚೆ ಔಷಧಿಯಿಲ್ಲ, ಊಟವಿಲ್ಲ ಎಂಬ ಸುದ್ದಿ. ಅಲ್ಲಿಂದ ಆಗೊಮ್ಮೆ ಈಗೊಮ್ಮೆ ಸಣ್ಣ ದೋಣಿಗಳು ಹೊರಡುತ್ತಿದ್ದವು — ಕೆಲವರು ಇಲ್ಲಿಗೆ, ಕೆಲವರು ಇನ್ನೂ ತೆಂಕಿಗೆ. ದಕ್ಕೆಯಲ್ಲಿ ಒಂದು ಕಥೆ ಓಡಾಡುತ್ತಿತ್ತು: ಯಾವುದೋ ಕಂಪನಿಯ ನಾಖುದಾ ಅಂಥವರನ್ನು ಹತ್ತಿಸಿಕೊಂಡು ಬಂದನಂತೆ, ಅವನನ್ನು ಜೈಲಿಗೆ ಹಾಕಿದರಂತೆ, ಲಾಂಚು ಹೋಯಿತಂತೆ, ಕಂಪನಿಯ ಎಲ್ಲರ ಇಕಾಮಾ ರದ್ದಾಯಿತಂತೆ. ಯಾವ ಕಂಪನಿ? ಯಾವ ನಾಖುದಾ? ಯಾರಿಗೂ ಗೊತ್ತಿರಲಿಲ್ಲ. ನಾನೂ ವಿಚಾರಿಸಲಿಲ್ಲ. ಠಾಣೆಯಲ್ಲಿ ದಿನಾ ಚಹಾ ಕುಡಿಯುವವನು — ಒಂದು ಮಾತು ಕೇಳಿದ್ದರೆ ಸಾಕಿತ್ತು. ಕೇಳಲಿಲ್ಲ. "ಅಂತೆ"ಗಳನ್ನೇ ಕಾನೂನು ಎಂದು ನಂಬಿಕೊಂಡು ಕುಳಿತೆ.

ಆ ದಿನ ಚಳಿಗಾಲ. ಮಧ್ಯಾಹ್ನದ ಹೊತ್ತು. ರೇಡಿಯೋದಲ್ಲಿ ಸಂಜೀವಣ್ಣನ ದನಿ.

"ಹ್ವಾಯ್, ಸಾಯ್ಬ್ರೆ, ಕೇಣ್ತಾ? ಇಲ್ಲೊಂದ್ ದೋಣಿ ಮೊಗ್ಚಿ ಬಿದ್ದಿತ್. ನಾಲ್ಕ್ ಜನ ಸಿಕ್ರ್. ಎರಡ್ ಗಂಡಸ್ರ್, ಒಂದ್ ಹೆಂಗ್ಸ್, ಒಂದ್ ಸಣ್ಣ್ ಹೆಣ್ಣ್. ಎಲ್ಲಾ ಎತ್ಕಂಡೆ. ಚಳಿಗ್ ನಡುಗ್ತಾ ಇದ್ರ್. ದಕ್ಕಿಗ್ ಕರ್ಕಂಡ್ ಬರ್ಲಾ?"

ಅವರು ನನ್ನನ್ನು ಕೇಳಿದ್ದು ಅನುಮತಿಯನ್ನಲ್ಲ. ದಕ್ಕೆಯಲ್ಲಿ ಕಂಬಳಿ, ಡಾಕ್ಟರು ಏನಾದರೂ ಸಿದ್ಧವಿರಲಿ ಎಂದು ತಿಳಿಸಿದ್ದು. ಆ ದನಿಯಲ್ಲಿ ಒಂದು ಸಂತೋಷವಿತ್ತು. ಅದು ನನಗೆ ಆಗಲೇ ಗೊತ್ತಾಯಿತು. ನೀರಿನಿಂದ ಜೀವ ಎತ್ತಿದವನ ಸಂತೋಷ.

ನನ್ನ ಕಣ್ಣ ಮುಂದೆ ಬಂದದ್ದು ಚಳಿಗೆ ನಡುಗುವ ಹುಡುಗಿಯಲ್ಲ — ನನ್ನ ಪಟ್ಟಿ. ಐದು ಹೆಸರಿನ ಪಟ್ಟಿ, ಒಂಬತ್ತು ತಲೆ. ನನ್ನ ಇಕಾಮಾ. ಆಗಷ್ಟೇ ಫ್ಯಾಮಿಲಿ ವೀಸಾದಲ್ಲಿ ಬಂದಿದ್ದ ಹೆಂಡತಿ, ಎರಡು ವರ್ಷದ ಮಗಳು. "ಸ್ವಲ್ಪ ತಡೀರಿ ಸಂಜೀವಣ್ಣ, ಮುದೀರ್ ಹತ್ರ ಕೇಳಿ ಹೇಳ್ತೇನೆ" ಎಂದೆ.

ಟೆಲಿಫೋನು ಕೈಗೆಟುಕುವಷ್ಟು ಹತ್ತಿರದಲ್ಲಿತ್ತು. ಮುದೀರ್ ಮನೆಯ ನಂಬರು ಗಾಜಿನ ಕೆಳಗೆ ಅಂಟಿಸಿತ್ತು. ಆ ಹೊತ್ತಿಗೆ ಅವರು ಊಟ ಮುಗಿಸಿ ಗೆಳೆಯರೊಂದಿಗೆ ದಿವಾನಿಯಾದಲ್ಲಿ, ಮನೆಯ ಹೊರಕೋಣೆಯಲ್ಲಿ, ಕುಳಿತಿರುತ್ತಾರೆ ಎಂದೂ ಗೊತ್ತಿತ್ತು. ನಾನು ಫೋನು ಮುಟ್ಟಲಿಲ್ಲ. ಮುಟ್ಟಿದರೆ ಅವರು "ಕರೆದುಕೊಂಡು ಬಾ" ಎನ್ನಬಹುದಿತ್ತು — ಆಮೇಲೆ ಠಾಣೆಯಲ್ಲಿ ನಿಂತು ಉತ್ತರ ಕೊಡಬೇಕಾದವನು ನಾನು. ಆ ಒಂದು ಕಾರಣಕ್ಕೆ ಮುಟ್ಟಲಿಲ್ಲ. ಬೇರೆ ಕಾರಣಗಳನ್ನು ಆಮೇಲೆ ಎಷ್ಟೋ ಕಟ್ಟಿಕೊಂಡೆ, ಅವೆಲ್ಲ ಆಮೇಲಿನವು.

ಒಬ್ಬ ಮನುಷ್ಯ ಯಜಮಾನನಿಗೆ ಫೋನು ಮಾಡಿ ಮಾತಾಡಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕಾದೆ. ಹೌದು, ಲೆಕ್ಕ ಹಾಕಿ ಕಾದೆ. ಆರಿದ ಚಹಾ ಮುಗಿಸಿದೆ. ಮತ್ತೆ ಗುಂಡಿ ಒತ್ತಿದೆ.

"ಮುದೀರ್ ಹತ್ರ ಮಾತಾಡಿದೆ. ಐದು ಜನ ಹೋಗಿದ್ದೀರಿ, ಐದೇ ಜನ ಬರ್ಬೇಕು ಅಂತ ಹೇಳಿದ್ರು. ಖಲಾಸ್."

ಅತ್ತ ಕಡೆಯಿಂದ ಸಂಜೀವಣ್ಣ —

"ಹ್ಯಾಂಗೆ ಬಿಡುದ್ ಸಾಯ್ಬ್ರೆ? ಇವ್ರ್ ದೋಣಿ ಒಡ್ದ್ ಹೋಯಿತ್. ಆ ಹೆಣ್ಣ್ ನನ್ನ್ ಕೈ ಬಿಡ್ತಿಲ್ಲೆ. ಮುದೀರ್ ಹೀಂಗೆ ಹೇಳಿದ್ರಾ? ನಮ್ಮ್ ಮುದೀರಾ?"

ಅವರು ಎರಡು ಸಲ ಕೇಳಿದರು. ನಾನು ಎರಡು ಸಲವೂ ಹೌದು ಎಂದೆ. ಎರಡನೆಯ ಸಲ ಸ್ವಲ್ಪ ರೇಗಿಯೇ ಹೇಳಿದೆ. "ನಿಮ್ಗೆ ನಾಲ್ಕು ಹುಡುಗ್ರಿದ್ದಾರೆ ಲಾಂಚಲ್ಲಿ, ಅವ್ರ ಹೊಟ್ಟೆ ಮೇಲೆ ಹೊಡೀಬೇಡಿ" ಎಂದೆ. ಅವರ ಜೊತೆಗಿದ್ದ ನಾಲ್ವರೂ ಆಂಧ್ರದ ಕರಾವಳಿಯವರು, ಸಂಸಾರಸ್ಥರು. ಅವರ ಮೇಲಿನ ಕಾಳಜಿಯಿಂದ ಹೇಳಿದೆನೇ? ಎಲ್ಲಿಯ ಕಾಳಜಿ! ಸಂಜೀವಣ್ಣನ ಬಾಯಿ ಮುಚ್ಚಿಸಲು ಸಿಕ್ಕ ಮಾತು ಅದು.

ಸಂಜೀವಣ್ಣ ತಮ್ಮಿಂದಾದದ್ದು ಮಾಡಿದರು. ಲಾಂಚಿಗೆ ಕಟ್ಟಿದ್ದ ಸಣ್ಣ ದೋಣಿಯನ್ನು, ಅದರ ಪುಟ್ಟ ಎಂಜಿನ್ನಿನ ಸಮೇತ, ಅವರಿಗೆ ಕೊಟ್ಟರು. ನೀರು, ರೊಟ್ಟಿ, ಲಾಂಚಿನಲ್ಲಿದ್ದ ಕಂಬಳಿಗಳೆಲ್ಲವನ್ನೂ ಕೊಟ್ಟರು. ಬಂದ ದಿಕ್ಕಿಗೇ, ಬಡಗಿನ ದಡದತ್ತ ಬೆರಳು ತೋರಿಸಿ, ಕತ್ತಲಾಗುವ ಮುನ್ನ ಮುಟ್ಟುತ್ತೀರಿ ಎಂದು ಕೈಸನ್ನೆ ಮಾಡಿದರಂತೆ. ಆ ಹೆಂಗಸು ಮಗುವನ್ನು ಎತ್ತಿಕೊಂಡು ದೋಣಿಗಿಳಿದಳಂತೆ. ಅವರು ಹೋದ ಒಂದು ಗಂಟೆಯೊಳಗೆ ಬಡಗಣ ಗಾಳಿ ಎದ್ದಿತು. ಎದುರುಗಾಳಿ. ದೊಡ್ಡ ಲಾಂಚೇ ತಿರುಗಿಸಲು ಕಷ್ಟವಾಯಿತಂತೆ. ಸಂಜೀವಣ್ಣ ಹುಡುಕಲು ಹೋದರು. ಅಲೆಯಲ್ಲಿ ಏನೂ ಕಾಣಲಿಲ್ಲ. ಇದನ್ನೆಲ್ಲ ಆಮೇಲೆ ಲಾಂಚಿನ ಹುಡುಗರಿಂದ ಕೇಳಿದೆ.

ಮರುದಿನ ಲಾಂಚು ದಕ್ಕೆಗೆ ಬಂತು. ಐದು ತಲೆ. ಪಟ್ಟಿ ಸರಿಯಾಯಿತು. ಸಣ್ಣ ದೋಣಿ ಎಲ್ಲಿ ಎಂದು ಠಾಣೆಯವರು ಕೇಳಿದರೆ, ಗಾಳಿಗೆ ಹಗ್ಗ ಕಿತ್ತುಹೋಯಿತು ಎಂದು ನಾನೇ ಬರೆದುಕೊಟ್ಟೆ.

ಅದಾಗಿ ಮೂರನೆಯ ದಿನ ಠಾಣೆಯಿಂದ ಕರೆ ಬಂತು. ನಿಮ್ಮ ದೋಣಿ ಸಿಕ್ಕಿದೆ, ಬಂದು ತೆಗೆದುಕೊಂಡು ಹೋಗಿ ಎಂದರು. ಹೋದೆ. ಮರಳಿನ ಮೇಲೆ ಬೋರಲು ಮಲಗಿಸಿದ್ದರು. ಕಂಪನಿಯ ಹೆಸರು, ನಂಬರು ಸ್ಪಷ್ಟವಾಗಿ ಕಾಣುತ್ತಿತ್ತು. ಎಂಜಿನ್ ಇರಲಿಲ್ಲ. ಕಂಬಳಿ ಇರಲಿಲ್ಲ. ಅಲ್ಲಿದ್ದ ಯುವ ಸಿಪಾಯಿ ಒಳ್ಳೆಯವನು. ನನ್ನೊಂದಿಗೆ ಯಾವಾಗಲೂ ನಗುತ್ತ ಮಾತಾಡುವವನು. "ಖಾಲಿ ತೇಲುತ್ತಿತ್ತು, ನಿಮ್ಮ ಅದೃಷ್ಟ" ಎಂದ. ಒಂದು ಕಾಗದ ಕೊಟ್ಟ. ದೋಣಿ ಒಂದು, ಮರಳಿ ಪಡೆದೆ ಎಂದು ಸಹಿ ಮಾಡಿದೆ. ಕೈ ನಡುಗಲಿಲ್ಲ. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ನಡುಗಿತು ಎಂದು ಬರೆದರೆ ನೀವು ನನ್ನ ಮೇಲೆ ಒಂದಿಷ್ಟು ಕನಿಕರ ಪಡುತ್ತೀರಿ. ನಡುಗಲಿಲ್ಲ.

ಆಗಲೂ ಬಾಯಿ ಬಿಟ್ಟಿದ್ದರೆ? ಆ ಸಿಪಾಯಿಗೆ, "ಇದರಲ್ಲಿ ನಾಲ್ಕು ಜನ ಇದ್ದರು, ಹುಡುಕಿ" ಎಂದಿದ್ದರೆ? ಮೂರು ದಿನ ಕಳೆದಿತ್ತು, ನೀರು ತಣ್ಣಗಿತ್ತು, ನಿಜ. ಆದರೂ ಬದುಕಿದ್ದಾರೋ ಸತ್ತಿದ್ದಾರೋ ಯಾರಾದರೂ ನೋಡುತ್ತಿದ್ದರು. ದಡಕ್ಕೆ ಬಂದ ಹೆಣಕ್ಕೆ ಒಂದು ಗುಂಡಿ, ಒಂದು ನಮಾಜು ಸಿಗುತ್ತಿತ್ತು. ಅವರು ನನ್ನದೇ ಕಲಿಮಾ ಹೇಳುವ ಜನ. ಅದಕ್ಕೂ ನನ್ನ ನಾಲಗೆ ಹೊರಳಲಿಲ್ಲ.

ಆ ವಾರ ಸಂಜೀವಣ್ಣ ಆಫೀಸಿಗೆ ಬಂದರು. ಗಡ್ಡ ಬಿಟ್ಟಿದ್ದರು. ದೋಣಿ ಸಿಕ್ಕಿದ ಸುದ್ದಿ ಅವರಿಗೆ ಮುಟ್ಟಿತ್ತು. ನನ್ನ ಮೇಜಿನ ಎದುರು ಕೂರಲಿಲ್ಲ, ನಿಂತೇ ಕೇಳಿದರು.

"ಸಾಯ್ಬ್ರೆ, ನಾನ್ ಒಂದ್ಸಲ ಮುದೀರ್ ಹತ್ರ ಮಾತಾಡ್ಕ್. ನೀವ್ ಅರಬ್ಬಿಯಂಗೆ ಹೇಳಿ ಕೊಡಿ. ಅವ್ರ್ ಹ್ಯಾಂಗೆ ಹೀಂಗ್ ಹೇಳಿದ್ರ್, ಅದ್ ಒಂದೇ ನಂಗ್ ಬೇಕ್."

ಆಗ ನನಗೆ ಬಂದದ್ದು ಪಶ್ಚಾತ್ತಾಪವಲ್ಲ, ಸಿಕ್ಕಿಬೀಳುವ ಹೆದರಿಕೆ. "ಅವ್ರು ದೊಡ್ಡವರು, ಆ ಮಾತು ಎತ್ತಿದ್ರೆ ನಿಮ್ಮನ್ನೇ ಊರಿಗೆ ಕಳಿಸ್ತಾರೆ, ಸುಮ್ನಿರಿ" ಎಂದೆ. ಅವರು ನನ್ನ ಮುಖ ನೋಡಿದರು. ನಂಬಿದರು. ಇಪ್ಪತ್ತು ದಿನದಲ್ಲಿ ವೀಸಾ ಕ್ಯಾನ್ಸಲ್ ಮಾಡಿಸಿಕೊಂಡು ಊರಿಗೆ ಹೋದರು. ಇನ್ನೂ ಹತ್ತು ವರ್ಷ ಲಾಂಚು ನಡೆಸುವ ಶಕ್ತಿ ಇದ್ದ ಮನುಷ್ಯ. ಹೋಗುವ ದಿನ ಮುದೀರ್ ಅವರೇ ದಕ್ಕೆಗೆ ಬಂದು ಅಪ್ಪಿಕೊಳ್ಳಲು ಕೈ ಚಾಚಿದರೆ, ಸಂಜೀವಣ್ಣ ಮುಖ ತಿರುಗಿಸಿ ನಡೆದುಬಿಟ್ಟರು. ಮುದೀರ್ ಚಾಚಿದ ಕೈ ಹಾಗೇ ಹಿಡಿದುಕೊಂಡು ನನ್ನತ್ತ ನೋಡಿದರು — ಏನಾಯಿತು ಇವನಿಗೆ? ನಾನು, ಮನೆಯಲ್ಲಿ ಏನೋ ತಾಪತ್ರಯವಂತೆ ಎಂದೆ.

ಹೀಗೆ ಇಬ್ಬರು ಒಳ್ಳೆಯ ಮನುಷ್ಯರ ನಡುವೆ ನಿಂತು ನಾನು ಇಕಾಮಾ ಉಳಿಸಿಕೊಂಡೆ.

ಇಲ್ಲಿ ಇನ್ನೊಂದು ಸಂಗತಿ ಇದೆ. ಅದನ್ನು ಬರೆಯದಿದ್ದರೆ ಈ ತಪ್ಪೊಪ್ಪಿಗೆ ಅರ್ಧದ್ದು. ನನ್ನ ಅಪ್ಪ ಅರಬ್ ದೇಶಕ್ಕೆ ಬಂದದ್ದು ಹೇಗೆ ಗೊತ್ತೇ? ಬೊಂಬಾಯಿಯಿಂದ ಸಾಮಾನಿನ ಲಾಂಚಿನಲ್ಲಿ, ಪಾಸ್‌ಪೋರ್ಟಿಲ್ಲದೆ, ವೀಸಾ ಎಂಬ ಶಬ್ದವನ್ನೂ ಕೇಳದೆ. ದಡ ಇನ್ನೂ ದೂರ ಇರುವಾಗಲೇ ಲಾಂಚಿನವನು ಎಲ್ಲರನ್ನೂ ನೀರಿಗಿಳಿಸಿ ತಿರುಗಿ ಹೋಗಿದ್ದ. ಈಜು ಸರಿಯಾಗಿ ಬಾರದ ಅಪ್ಪನನ್ನು ಅಲ್ಲಿನ ಮೀನುಗಾರರು ಕೂದಲು ಹಿಡಿದು ದೋಣಿಗೆ ಎಳೆದುಕೊಂಡರು. ಖರ್ಜೂರ ಕೊಟ್ಟರು, ಬಟ್ಟೆ ಕೊಟ್ಟರು, ತಮ್ಮ ಮನೆಯಲ್ಲಿ ಮಲಗಿಸಿದರು. ಎಣಿಸಲಿಲ್ಲ. ಯಾರ ಹತ್ತಿರವೂ ಕೇಳಲಿಲ್ಲ. ಆ ಎಳೆದುಕೊಂಡ ಕೈಗಳಿಂದ ನಮ್ಮ ಮನೆಗೆ ಹೆಂಚು ಬಂತು, ಅಕ್ಕನ ನಿಖಾಹ್ ಆಯಿತು, ನಾನು ಬಿ.ಕಾಂ. ಓದಿದೆ. ಪ್ರತಿ ಹಬ್ಬಕ್ಕೂ ಅಪ್ಪ ಈ ಕಥೆ ಹೇಳುತ್ತಿದ್ದರು. ನಾವು ಮಕ್ಕಳು ಬಾಯಿಬಿಟ್ಟು ಕೇಳುತ್ತಿದ್ದೆವು.

ನನ್ನಪ್ಪ ನೀರಿಗೆ ಬಿದ್ದರೆ ಸಾಹಸ. ಆ ನಾಲ್ವರು ಬಿದ್ದರೆ ಅಕ್ರಮ!

ಗಡಿಯ ಮಾತು ಬಂದಾಗಲೆಲ್ಲ ನಮ್ಮ ಜನ ಗಂಭೀರವಾಗಿ ತಲೆಯಾಡಿಸುವುದನ್ನು ನೋಡಿದರೆ ನನಗೆ ಪಿತ್ತ ನೆತ್ತಿಗೇರುತ್ತದೆ. ಅಬ್ಬಾಸಿಯಾದ ಒಂದೊಂದು ಕೋಣೆಯಲ್ಲೂ ಕಾಗದದಲ್ಲಿ ಒಂದು ಕೆಲಸ, ನಿಜದಲ್ಲಿ ಇನ್ನೊಂದು ಕೆಲಸ ಮಾಡುವವರಿದ್ದಾರೆ. ಮನೆಗೆಲಸದ ವೀಸಾದಲ್ಲಿ ಬಂದು ಅಂಗಡಿಯಲ್ಲಿ ನಿಂತವರು, ವೀಸಾ ಕೊಟ್ಟ ಕಫೀಲ್ ಯಾರೆಂದೇ ನೋಡದವರು, ವಫ್ರಾದ ತೋಟಗಳಲ್ಲಿ ಇಕಾಮಾ ಮುಗಿದು ಬಸ್ಸು ಹತ್ತಲು ಹೆದರುವವರು — ಅವರೆಲ್ಲ ನಮ್ಮವರು, ಅವರದ್ದು ಕಷ್ಟ. ಬೇರೆಯವರ ಮಗು ನೀರಲ್ಲಿದ್ದರೆ ಮಾತ್ರ ನಮಗೆ ಕಾನೂನು ನೆನಪಾಗುತ್ತದೆ. ದೂರದ ಸರಕಾರಗಳು ಬಂದರು ಮುಚ್ಚುತ್ತವೆ, ಎತ್ತಿಕೊಂಡವರ ಮೇಲೆ ಕೇಸು ಹಾಕುತ್ತವೆ ಎಂದು ಟಿವಿಯಲ್ಲಿ ಕೇಳುತ್ತೇನೆ. ಅವರನ್ನು ಬೈಯಲು ಬಾಯಿ ತೆರೆಯುತ್ತೇನೆ, ಮುಚ್ಚಿಕೊಳ್ಳುತ್ತೇನೆ. ನನಗೆ ಯಾವ ಸರಕಾರ ಹೇಳಿತ್ತು? ಯಾವ ಮಂತ್ರಿ ಫೋನು ಮಾಡಿದ್ದ? ಗಡಿ ಎಂಬುದು ತಂತಿ ಬೇಲಿ, ಗಸ್ತಿನ ಬೋಟು ಎಂದುಕೊಂಡಿದ್ದೆ. ನನ್ನಂಥ ಗುಮಾಸ್ತರು ಇರುವಾಗ ಅದೆಲ್ಲ ಯಾಕೆ ಬೇಕು? ಹೇಳದ ಹುಕುಮನ್ನೂ ನಾವು ಪಾಲಿಸುತ್ತೇವೆ.

ಮುದೀರ್ ಅವರ ಬಗ್ಗೆ ಹೇಳಬೇಕು. ಎಲ್ಲರೂ ಅವರನ್ನು ಬೂ ಸಾಲಿಂ ಎನ್ನುತ್ತಿದ್ದರು — ಸಾಲಿಮನ ತಂದೆ. ಎಂಟು ವರ್ಷದ ಹಿಂದೆ ಅವರು ಕಾಯಿಲೆ ಬಿದ್ದು ಜಾಬ್ರಿಯಾದ ಆಸ್ಪತ್ರೆಯಲ್ಲಿದ್ದರು. ಸಹಿ ಹಾಕಿಸಲು ಕಾಗದ ಹಿಡಿದು ಹೋದೆ. ಬೆಳಗಿನ ಬಿಸಿಲು ಹಾಸಿಗೆಯ ಮೇಲೆ ಬಿದ್ದಿತ್ತು. ಹಳೆಯ ಲಾಂಚುಗಳ ಮಾತು ಬಂತು. "ಸಂಜೀವ ಯಾಕೆ ನನ್ನ ಕೈ ಹಿಡಿಯಲಿಲ್ಲ?" ಎಂದು ಕೇಳಿದರು. ಹತ್ತಿರ ಹತ್ತಿರ ಒಂಬತ್ತು ವರ್ಷ ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದರು ಆ ಮನುಷ್ಯ. ಒಬ್ಬ ಕೂಲಿಯ ನಾಖುದಾ ತನ್ನ ಕೈ ಹಿಡಿಯಲಿಲ್ಲವೆಂದು.

ಹೇಳಿದೆ. ಯಾಕೆ ಹೇಳಿದೆನೋ — ಸಾಯುವವರು, ಇನ್ನೇನು ಮಾಡಿಯಾರು ಎಂಬ ಧೈರ್ಯವೇ ಇರಬೇಕು. ಪೂರ್ತಿ ಹೇಳಿದೆ.

"ಲೇಶ್?" ಎಂದರು. ಯಾಕೆ? ಬೈಯುವ ದನಿಯಲ್ಲ. ನಾನು ಹೆದರಿಕೆಯಾಯಿತು ಎಂದೆ. "ನನ್ನ ಹೆದರಿಕೆಯೇ?" ಎಂದು ಕೇಳಿದರು. ಆಮೇಲೆ ಅವರು ನಿಧಾನವಾಗಿ, ಅರಬ್ಬಿಯಲ್ಲಿ, ನನಗೆ ಪ್ರತಿಯೊಂದು ಶಬ್ದವೂ ತಿಳಿಯಬೇಕೆಂಬಂತೆ ಹೇಳಿದರು: "ನಾನೂ ನಿನ್ನ ಮಾತನ್ನೇ ಹೇಳುತ್ತಿದ್ದೆನೋ ಏನೋ. ನಾನೇನು ಸಂತನಲ್ಲ. ಆದರೆ ಅದನ್ನು ಹೇಳಬೇಕಾದವನು ನಾನು. ನನ್ನ ದೇವರ ಮುಂದೆ ನಿಲ್ಲಬೇಕಾದವನೂ ನಾನು. ನೀನು ನನಗೆ ಒಳ್ಳೆಯವನಾಗುವ ಅವಕಾಶವನ್ನೂ ಕೊಡಲಿಲ್ಲ." ಮತ್ತೆ, "ಸಂಜೀವನಿಗೆ ಹೇಳು. ಅವನ ಮನಸ್ಸಿನಿಂದ ನನ್ನ ಹೆಸರು ತೆಗೆ" ಎಂದರು.

ಆಣೆ ಮಾಡಿಸಿಕೊಂಡರು. ನಾನು ಆಣೆ ಮಾಡಿದೆ. ಅದೇ ತಿಂಗಳು ಅವರು ತೀರಿಕೊಂಡರು. ಖಬರ್‌ಸ್ಥಾನದಲ್ಲಿ ಮೂರು ಹಿಡಿ ಮಣ್ಣು ಹಾಕಿ ಬಂದೆ. ಸಂಜೀವಣ್ಣನಿಗೆ ಹೇಳಲಿಲ್ಲ.

ಎಂಟು ವರ್ಷ! ಅವರ ಊರಿನವರು ದಕ್ಕೆಯಲ್ಲಿ ಎಷ್ಟೋ ಜನ ಇದ್ದರು. ನಂಬರು ಕೇಳಿದರೆ ಒಂದು ನಿಮಿಷದ ಕೆಲಸ. ರಜೆಗೆ ಊರಿಗೆ ಹೋದಾಗಲೆಲ್ಲ ಉಳ್ಳಾಲದಿಂದ ಗಂಗೊಳ್ಳಿಗೆ ಬಸ್ಸಿನಲ್ಲಿ ಅರ್ಧ ದಿನದ ದಾರಿ. ಈ ಸಲ ಮಳೆ, ಮುಂದಿನ ಸಲ ನೋಡೋಣ. ಈ ಸಲ ಮದುವೆ, ಮುಂದಿನ ಸಲ ನೋಡೋಣ. ಅವರೇ ಸತ್ತುಹೋದರೆ ಒಳ್ಳೆಯದಿತ್ತು ಎಂದು ಒಂದು ಸಲ ಅನ್ನಿಸಿತು. ಅನ್ನಿಸಿತು — ಅದನ್ನೂ ಬರೆದಿದ್ದೇನೆ, ಇರಲಿ.

ಆ ಶುಕ್ರವಾರ ವಿಲ್ಫ್ರೆಡ್, ಲವೀನಾ ಬೇಗ ಹೊರಟುಹೋದರು. ಮಗಳು ಕೋಣೆಯ ಬಾಗಿಲು ಹಾಕಿಕೊಂಡಳು. ಸಂಜೆ ನಾನು ಬಾಗಿಲು ತಟ್ಟಿ ಒಳಗೆ ಹೋಗಿ, ಅವಳ ಮಂಚದ ತುದಿಯಲ್ಲಿ ಕುಳಿತು, ಇದನ್ನೆಲ್ಲ ಹೇಳಿದೆ. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ನಾನು ಮುಗಿಸಿದ ಮೇಲೆ ಒಂದೇ ಕೇಳಿದಳು. "ಹೌ ಓಲ್ಡ್ ವಾಸ್ ಶೀ?" ಏಳೋ ಎಂಟೋ ಇರಬೇಕು ಎಂದೆ. ಈಗ ಇದ್ದಿದ್ದರೆ ನಿನಗಿಂತ ದೊಡ್ಡವಳು ಎಂದೂ ಹೇಳಿದೆ.

ಮರುದಿನ ದಕ್ಕೆಗೆ ಹೋಗಿ ಗಂಗೊಳ್ಳಿಯವರೊಬ್ಬರಿಂದ ನಂಬರು ಪಡೆದೆ. ಮಧ್ಯಾಹ್ನ ಫೋನು ಮಾಡಿದೆ. ಸಂಜೀವಣ್ಣನ ಸೊಸೆ ಎತ್ತಿ ಅವರಿಗೆ ಕೊಟ್ಟಳು. ದನಿ ತೆಳ್ಳಗಾಗಿತ್ತು, ಆದರೂ ಅದೇ ದನಿ. "ಯಾರ್? ಸಾಯ್ಬ್ರಾ? ಕುವೈತ್ ಸಾಯ್ಬ್ರಾ?" ಎಂದು ಖುಷಿಯಿಂದ ಕೂಗಿದರು. ಸೊಸೆಯನ್ನು ಕರೆದು, "ನಮ್ಮ್ ಆಫೀಸಿನ್ ಸಾಯ್ಬ್ರ್ ಕಾಣ್, ಬಾರೀ ಒಳ್ಳೆ ಜನ" ಎಂದು ಹೇಳಿದ್ದೂ ಕೇಳಿಸಿತು. ಆ ಖುಷಿಯನ್ನು ತಡೆದುಕೊಳ್ಳಲಾಗದೆ ನಾನು ಕುಶಲವನ್ನೂ ಕೇಳದೆ ಹೇಳಿಬಿಟ್ಟೆ. "ಸಂಜೀವಣ್ಣ, ಅವತ್ತು ನಾನು ಮುದೀರಿಗೆ ಫೋನೇ ಮಾಡ್ಲಿಲ್ಲ. ಅವ್ರು ಏನೂ ಹೇಳ್ಲಿಲ್ಲ. ಐದೇ ಜನ ಬರ್ಬೇಕು ಅಂತ ಹೇಳಿದ್ದು ನಾನು."

ಅವರು ಸೊಸೆಯನ್ನು ಹೊರಗೆ ಕಳಿಸಿದ್ದು ಕೇಳಿಸಿತು.

"ಆ ಮನ್ಷನಿಗ್ ನಾನ್ ದಿನಾ ಶಾಪ ಹಾಕ್ದೆ ಸಾಯ್ಬ್ರೆ. ದಿನಾ. ದೀಪ ಹಚ್ಚಿ ಹಾಕ್ದೆ. ಅವ್ರ್ ಸತ್ರ್ ಅಂತ ಸುದ್ದಿ ಬಂದಾಗ, ಆಯ್ತ್, ದೇವ್ರ್ ಕಂಡ ಅಂದೆ. ಅವ್ರ ಮಕ್ಕಳಿಗೂ ಒಳ್ಳೇದಾಪ್ಪುದ್ ಬ್ಯಾಡ ಅಂದೆ. ಈಗ ಅದನ್ನೆಲ್ಲ ಎಲ್ಲಿಂದ ವಾಪಸ್ ತಕಂಬುದ್?"

"ನನಗೆ ಹಾಕಿ ಸಂಜೀವಣ್ಣ" ಎಂದೆ.

"ನಿಮ್ಗ್ ಹಾಕುಕೆ ನನ್ನತ್ರ ಈಗ ತ್ರಾಣ ಇಲ್ಲೆ. ಫೋನ್ ಇಡಿ."

ಇಟ್ಟೆ. ಆಮೇಲೆ ನಾನು ಮಾಡಿದ ಯಾವ ಕರೆಯನ್ನೂ ಅವರು ಎತ್ತಿಲ್ಲ. ಎತ್ತಬೇಕೆಂದೂ ಇಲ್ಲ. ಕ್ಷಮೆ ಕೇಳುವುದಕ್ಕೆ ನಾನು ಫೋನು ಮಾಡಿದ್ದಲ್ಲ ಎಂದು ಅಂದುಕೊಂಡಿದ್ದೆ. ಸುಳ್ಳು, ಅದಕ್ಕೇ ಮಾಡಿದ್ದು. ಈಗ ಅದು ಬೇಡ. ಬೂ ಸಾಲಿಂ ಅವರ ಹಿರಿಯ ಮಗನಿಗೆ ನಿನ್ನೆ ಎಲ್ಲ ಬರೆದು ಕೊಟ್ಟು ಬಂದೆ, ಠಾಣೆಗೂ ಒಂದು ಪ್ರತಿ ಕೊಟ್ಟೆ. ಅವರು ಏನು ಮಾಡುತ್ತಾರೋ ಮಾಡಲಿ. ಊರಿಗೆ ಹೋಗಲು ಬಿಟ್ಟರೆ ಮುಂದಿನ ವಾರ ಗಂಗೊಳ್ಳಿಗೆ ಹೋಗುತ್ತೇನೆ. ಸಂಜೀವಣ್ಣ ಒಳಗೆ ಕರೆಯಲಾರರು. ಅಂಗಳದಲ್ಲೇ ನಿಲ್ಲುತ್ತೇನೆ, ಅವರಿಗೆ ಶಾಪ ಹಾಕುವ ತ್ರಾಣ ಬರುವವರೆಗೆ.